ಇಪ್ಪತ್ತು ನಿಮಿಷದ ಉಸಿರು

ಚಂದ್ರಾಮಪ್ಪನಿಗೆ ಭಯವೆಂದರೇನು ಎಂದು ಗೊತ್ತಾದದ್ದು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವನನ್ನು ಕಂಡು ಬೇರೆಯವರು ಹೆದರುತ್ತಿದ್ದರು. ತೊಂಬತ್ತನಾಲ್ಕು ಕಿಲೋ ತೂಕದ ಆಳು, ಬಾಗಿಲಲ್ಲಿ ನಿಂತರೆ ಒಳಗಿನ ಕೋಣೆಗೆ ಕತ್ತಲಾಗುತ್ತಿತ್ತು. ಇಂಥವನನ್ನು ನಡುಗಿಸಲು ಬೆರಳುದ್ದದ ಹಿತ್ತಾಳೆ ಸೀಟಿಯೊಂದು ಸಾಕಾಯಿತು ಎಂದರೆ ಯಾರಾದರೂ ನಕ್ಕಾರು. ಅವನು ಮಾತ್ರ ಆ ಸೀಟಿಯ ನೆನಪಾದರೆ ತಾಟು ಸರಿಸಿ ಎದ್ದುಬಿಡುತ್ತಿದ್ದ.

ಅವನ ಅಪ್ಪ, ಅವ್ವ ಇಂಡಿ ತಾಲೂಕಿನಿಂದ ಕಟ್ಟಡದ ಕೆಲಸಕ್ಕೆಂದು ನಾಸಿಕಕ್ಕೆ ಬಂದವರು. ಅವ್ವ ಗುಂಡವ್ವ ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತು ಪಂಚವಟಿಯಲ್ಲಿ ಎಷ್ಟು ಮಹಡಿ ಹತ್ತಿದ್ದಳೋ ಅವಳಿಗೇ ನೆನಪಿರಲಿಲ್ಲ. ಮಗ ತನ್ನ ಹಾಗೆ ಸೊರಗಬಾರದು, ಅವನನ್ನು ಕಂಡರೆ ಮಂದಿ ದಾರಿ ಬಿಡಬೇಕು ಎಂಬುದು ಅವಳ ಹಟ. ಹನ್ನೆರಡು ತುಂಬುತ್ತಲೇ ಅವನನ್ನು ಗೋದಾವರಿಯ ದಂಡೆಯ ಗರಡಿಮನೆಗೆ ಸೇರಿಸಿದಳು. ಅಲ್ಲಿ ಕುಸ್ತಿ ಕಲಿಸುವ ವಸ್ತಾದ ಮರಾಠಿಯಲ್ಲಿ ಬೈದು ಬೈದು ಅವನಿಂದ ದಿನಕ್ಕೆ ಐನೂರು ದಂಡ, ಸಾವಿರ ಬಸ್ಕಿ ಹೊಡೆಸಿದ. ಬೆಳಿಗ್ಗೆ ಒಂದು ಲೀಟರು ಹಾಲು, ಸಂಜೆ ಒಂದು ಲೀಟರು. ಅವ್ವ ತನ್ನ ಚಹಾಕ್ಕೆ ಹಾಲು ಹಾಕದೆ ಮಗನ ಚರಿಗೆ ತುಂಬಿಸಿದಳು. ಮೈ ಏರಿತು. ಕುಸ್ತಿಯಲ್ಲಿ ಅವನು ಗೆದ್ದದ್ದೆಲ್ಲ ಮೊದಲ ಮೂರು ನಿಮಿಷದೊಳಗೆ. ಹಿಡಿದ, ಎತ್ತಿದ, ಕೆಡವಿದ, ಮುಗಿಯಿತು. ನಾಲ್ಕನೆಯ ನಿಮಿಷ ಹೇಗಿರುತ್ತದೆ ಎಂದು ನೋಡುವ ಪ್ರಸಂಗವೇ ಅವನಿಗೆ ಬರಲಿಲ್ಲ. ಅವನ ದುರದೃಷ್ಟ ಎನ್ನುವುದಾದರೆ ಅದೇ.

೧೯೮೪ರಲ್ಲಿ ನಾಸಿಕದಲ್ಲೇ ಅಂಬಡದ ಬಣ್ಣದ ಕಾರ್ಖಾನೆಯೊಂದು (ಹೆಸರು ಯಾಕೆ ಬೇಕು, ಬಿಡಿ) ತನ್ನದೇ ಅಗ್ನಿಶಾಮಕ ದಳಕ್ಕೆ ಆಳುಗಳನ್ನು ತೆಗೆದುಕೊಂಡಿತು. ಪರೀಕ್ಷೆ ಒಂದೇ: ಒಬ್ಬ ಮನುಷ್ಯನನ್ನು ಹೆಗಲಿಗೆ ಹಾಕಿಕೊಂಡು ನೂರು ಗಜ ಒಯ್ಯಬೇಕು. ಚಂದ್ರಾಮಪ್ಪ ಆ ಹೆಗಲಿಗೊಬ್ಬ, ಈ ಹೆಗಲಿಗೊಬ್ಬ ಎಂದು ಇಬ್ಬರನ್ನು ಹಾಕಿಕೊಂಡು ಹೋದ. ಪರೀಕ್ಷೆ ಮಾಡುವವರು ಚಪ್ಪಾಳೆ ತಟ್ಟಿದರು. ಅವನ ಉಸಿರು ಎಷ್ಟು ಹೊತ್ತು ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಖಾಕಿ ಅಂಗಿ, ಬೂಟು, ಹೆಲ್ಮೆಟ್ಟು ಬಂದವು. ಗುಂಡವ್ವ ಹೆಲ್ಮೆಟ್ಟನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು.

ನಾಲ್ಕು ವರ್ಷದ ಮೇಲೆ ಕಂಪನಿ ಅವನನ್ನು ಚಿಕಲಠಾಣಾದ ದೊಡ್ಡ ಕಾರ್ಖಾನೆಗೆ ವರ್ಗ ಮಾಡಿತು. ಚಿಕಲಠಾಣಾ ಇರುವ ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ, ಆಗ ಎಲ್ಲರ ಬಾಯಲ್ಲೂ ಔರಂಗಾಬಾದ್. ಹೆಂಡತಿ ಹನುಮವ್ವನನ್ನು ಕರೆದುಕೊಂಡು ಬಂದು, ಕಾರ್ಖಾನೆಯ ಹಿಂದೆಯೇ ಒಂದು ಕೋಣೆ ಹಿಡಿದ. ಅಲ್ಲಿ ದಳದ ಮುಖ್ಯಸ್ಥರು ರಘೋತ್ತಮರಾಯರು. ಧಾರವಾಡದವರು, ವಿಮಾನ ನಿಲ್ದಾಣಗಳಲ್ಲಿ ಬೆಂಕಿ ಆರಿಸುವ ಕೇಂದ್ರ ಸರ್ಕಾರದ ನೌಕರಿ ಮಾಡಿ ನಿವೃತ್ತರಾಗಿ ಇಲ್ಲಿಗೆ ಬಂದವರು. ಸಣಕಲು ಮನುಷ್ಯ, ಗಡಿಯಾರ ನೋಡದೆ ನೀರೂ ಕುಡಿಯುವವರಲ್ಲ.

ಹೊಗೆಯೊಳಗೆ ಹೋಗುವ ಉಸಿರಾಟದ ಸೆಟ್ಟುಗಳನ್ನು ದಳಕ್ಕೆ ತರಿಸಿದವರು ಅವರೇ. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ರಬ್ಬರಿನ ಮುಖವಾಡ. ಗಾಳಿ ಮುಗಿಯಲು ಐದು ನಿಮಿಷ ಇದೆ ಎನ್ನುವಾಗ ಭುಜದ ಹತ್ತಿರದ ಸೀಟಿ ತಾನಾಗಿಯೇ ಊದುತ್ತದೆ. ಯಾವಾಗಲೂ ಇಬ್ಬರು ಜೋಡಿಯಾಗಿಯೇ ಹೋಗಬೇಕು, ಇಬ್ಬರ ಸೊಂಟಕ್ಕೂ ಸೇರಿ ಒಂದು ಹಗ್ಗ. ಯಾರ ಸೀಟಿ ಊದಿದರೂ ಇಬ್ಬರೂ ಹೊರಗೆ ಬರಬೇಕು.

ಚಂದ್ರಾಮಪ್ಪನ ಜೋಡಿ ಆಳಂದ ಕಡೆಯ ಮಹಾದೇವಪ್ಪ. ತೂಕ ಐವತ್ತೆರಡು ಕಿಲೋ. ಮೊದಲು ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿಗೆ ಹಾಲು ಹಾಕುತ್ತಿದ್ದವನು. ಸೆಟ್ಟು ಹೊತ್ತು ಅಂಗಳದಲ್ಲಿ ಏಣಿ ಹತ್ತಿ ಇಳಿಯುವ ಮೊದಲ ಪರೀಕ್ಷೆಯಲ್ಲಿ ಅವನ ಸೀಟಿ ಊದಿದ್ದು ಇಪ್ಪತ್ತೆಂಟನೆಯ ನಿಮಿಷಕ್ಕೆ. ಚಂದ್ರಾಮಪ್ಪನದು ಹದಿನಾಲ್ಕಕ್ಕೇ ಕಿರುಚಿತು. ಎಲ್ಲರೂ ತಿರುಗಿ ನೋಡಿದರು. ಯಾರೋ ನಕ್ಕರು. ಸೆಟ್ಟು ಕೆಟ್ಟಿದೆ ಎಂದು ಚಂದ್ರಾಮಪ್ಪ ಹೇಳಿದ. ರಾಯರು ಬೇರೆ ಸೆಟ್ಟು ಕೊಟ್ಟರು. ಅದೂ ಹದಿನಾಲ್ಕಕ್ಕೇ ಕಿರುಚಿತು.

“ಸೆಟ್ಟಿನ್ಯಾಗ ಏನೂ ಇಲ್ಲಪಾ,” ಎಂದರು ರಾಯರು. “ನಿನ್ನ ಮೈ ಗಾಳಿ ತಿಂತದ. ಇಷ್ಟು ಮಾಂಸ ಸಾಕಬೇಕಂದ್ರ ಅದಕ್ಕ ಗಾಳಿ ಬೇಕು. ನೀ ಎತ್ತಲಿಕ್ಕೆ ತಯಾರಾಗೀದಿ, ತಾಳಲಿಕ್ಕೆ ತಯಾರಾಗಿಲ್ಲ. ಈ ಕೆಲಸಕ್ಕ ಎರಡೂ ಬೇಕು. ದಂಡ, ಬಸ್ಕಿ ಕಡಿಮಿ ಮಾಡು. ಸಾವಕಾಶ ಓಡಲಿಕ್ಕೆ ಸುರು ಮಾಡು. ಮೂರು ತಿಂಗಳು ನೋಡ್ತೀನಿ. ಇಪ್ಪತ್ತು ನಿಮಿಷ ಬರಲಿಲ್ಲಂದ್ರ ಡ್ರಮ್ಮು ಉರುಳಿಸಲಿಕ್ಕೆ ಕಳಸ್ತೀನಿ.”

ಕಡಿಮೆ ಮಾಡು ಎಂಬ ಮಾತು ಚಂದ್ರಾಮಪ್ಪನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹದಿನೇಳು ವರ್ಷ ಅವ್ವ ಕೊಟ್ಟ ಹಾಲು ಕುಡಿದು ಕಟ್ಟಿದ ಮೈ ಅದು. ಇಳಿದರೆ ಮತ್ತೆ ಏರುವುದೇ? ತೋಳು ಸಣ್ಣಗಾದರೆ ಯಾರನ್ನು ಎತ್ತುವುದು? ಎತ್ತದ ಚಂದ್ರಾಮಪ್ಪನನ್ನು ಯಾರು ಕೇಳುತ್ತಾರೆ? ಹಾಗಾಗಿ ಬಸ್ಕಿಯನ್ನೂ ಬಿಡಲಿಲ್ಲ, ಓಟವನ್ನೂ ಹಿಡಿದ. ಬೆಳಗಿನ ಜಾವ ಸಾವಿರ ಬಸ್ಕಿ, ಪಾಳಿ ಮುಗಿಸಿ ಸಂಜೆ ವಿಮಾನ ನಿಲ್ದಾಣದ ರಸ್ತೆಯಲ್ಲಿ ನಾಯಿ ಬೆನ್ನು ಹತ್ತಿದವರಂತೆ ಓಟ. ಓಡಿ ಮೈ ಇಳಿದೀತೆಂದು ಹಾಲನ್ನು ಎರಡೂವರೆ ಲೀಟರಿಗೆ ಏರಿಸಿದ. ಭಾನುವಾರವೂ ಬಿಡುವಿಲ್ಲ. ತಿಂಗಳಾಗುವಷ್ಟರಲ್ಲಿ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಯಿತು. ರೊಟ್ಟಿ ಸೇರದಾಯಿತು. ಮುಂದಿನ ಪರೀಕ್ಷೆಯಲ್ಲಿ ಸೀಟಿ ಹದಿಮೂರಕ್ಕೇ ಊದಿತು.

ಭಯ ಹೊಕ್ಕಿದ್ದು ಆ ದಿನ. ಮುಖವಾಡ ಹಾಕಿದ ಕೂಡಲೇ ಎದೆ ಡವಗುಟ್ಟಲು ಶುರು, ಹೆದರಿದವನ ಉಸಿರು ಇನ್ನೂ ಜೋರು, ಜೋರಾದಷ್ಟೂ ಗಾಳಿ ಬೇಗ ಖಾಲಿ. ಇದು ಅವನಿಗೆ ಗೊತ್ತಿತ್ತು, ಗೊತ್ತಿದ್ದದ್ದರಿಂದಲೇ ಇನ್ನಷ್ಟು ಹೆದರುತ್ತಿದ್ದ. ಅತ್ತ ಸೀಟಿ ಊದಿದರೆ ದಳದ ಕೆಲಸ ಹೋಗುತ್ತದೆ, ಇತ್ತ ಊದದಿದ್ದರೆ ಜೀವ ಹೋಗುತ್ತದೆ. ಹನುಮವ್ವ ಆಗ ಬಸುರಿ. ಏನಾಗಿದೆ ಎಂದು ಅವಳು ಕೇಳಿದರೆ, “ಏನಿಲ್ಲ, ಬಿಸಲಾಗ ದುಡದೇನಿ” ಎನ್ನುತ್ತಿದ್ದ.

“ಬಿಸಲ ಹೊಸದೇನ್ರಿ ನಿಮಗ?” ಎಂದಳು ಒಮ್ಮೆ. ಅವನು ಪೇಟೆಗೆ ಹೋಗುವ ನೆವ ಮಾಡಿ ಎದ್ದು ಹೋದ.

ಆಮೇಲೆ ಅವನು ಮಾಡಿದ ಕೆಲಸವನ್ನು ಪೈಲವಾನನೊಬ್ಬನಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಗರಡಿ ಬಿಟ್ಟು ಬರುವಾಗ ಅಖಾಡದ ಮಣ್ಣನ್ನು ಒಂದು ಡಬ್ಬಿಯಲ್ಲಿ ತಂದಿದ್ದ. ಎಣ್ಣೆ, ಮಜ್ಜಿಗೆ, ಅರಿಶಿನ ಕಲೆಸಿದ ಕೆಂಪು ಮಣ್ಣು, ದಿನಾ ಹಣೆಗೆ ಹಚ್ಚಿಕೊಂಡು ಕೈ ಮುಗಿಯುವಂಥದ್ದು. ಇನ್ನಷ್ಟು ಎಣ್ಣೆ ಹಾಕಿ ನಾದಿ ಕಡಲೆ ಗಾತ್ರ ತೆಗೆದುಕೊಂಡ. ಬೆಳಿಗ್ಗೆ ಸೆಟ್ಟುಗಳ ತಪಾಸಣೆ ಮುಗಿದ ಮೇಲೆ, ಯಾರೂ ಇಲ್ಲದಾಗ, ತನ್ನ ಸೀಟಿಯ ಬಾಯಿಗೆ ಮೆತ್ತಿ ಒತ್ತಿದ. ಹೊಗೆ ತುಂಬಿದ ಕೋಣೆಯೊಳಗಿನ ಕವಾಯತು ಇಪ್ಪತ್ತು ನಿಮಿಷದ್ದು. ಒಳಗೆ ಹೋದ ಮೇಲೆ ಮಹಾದೇವಪ್ಪನನ್ನು ಮುಂದೆ ಬಿಟ್ಟು ತಾನು ಹಗ್ಗ ಹಿಡಿದು ಆದಷ್ಟು ಅಲ್ಲಾಡದೆ ನಿಲ್ಲುತ್ತಿದ್ದ. ಕೊನೆಯ ಮೂರು ನಿಮಿಷ ಗಾಳಿ ಎಳೆದರೂ ಬರುತ್ತಿರಲಿಲ್ಲ, ಕಣ್ಣಿಗೆ ಕತ್ತಲೆ ಬರುತ್ತಿತ್ತು, ದೇವರ ಹೆಸರುಗಳೆಲ್ಲ ಮುಗಿದುಹೋಗುತ್ತಿದ್ದವು. ಆದರೆ ಸೀಟಿ ಊದುತ್ತಿರಲಿಲ್ಲ. ಹೊರಗೆ ಬಂದ ಕೂಡಲೇ ಇಬ್ಬರ ಸಿಲಿಂಡರುಗಳನ್ನೂ ತಾನೇ ಹೊತ್ತು ಗಾಳಿ ತುಂಬಿಸಲು ಹೋಗುತ್ತಿದ್ದ, ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳನ್ನು ಯಾರೂ ನೋಡಬಾರದೆಂದು. ಪೈಲವಾನನಿಗೆ ಎಷ್ಟು ಉಪಕಾರ ಬುದ್ಧಿ ಎಂದು ಮಂದಿ ಹೊಗಳಿದರು. ರಾಯರು ಅವನ ಹೆಸರಿನ ಮುಂದೆ ಇಪ್ಪತ್ತು ಎಂದು ಬರೆದರು.

ಮುಂದಿನ ವರ್ಷ ಫೆಬ್ರವರಿಯ ಒಂದು ದಿನ. ಹತ್ತು ಗಂಟೆಗೆ ಕವಾಯತು ಎಂದು ಚಂದ್ರಾಮಪ್ಪ ಒಂಬತ್ತೂವರೆಗೆ ಮಣ್ಣು ಮೆತ್ತಿದ್ದ. ಹತ್ತಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಸೈರನ್ ಕೂಗಿತು. ಡ್ರಮ್ಮುಗಳ ಗೋದಾಮಿನಲ್ಲಿ ಬೆಂಕಿ. ಎಲ್ಲರೂ ಹೊರಗೆ ಬಂದಿದ್ದರು, ಪ್ಯಾಕಿಂಗಿನ ಗುರುಲಿಂಗಪ್ಪನೊಬ್ಬ ಒಳಗೇ ಉಳಿದಿದ್ದ. ಇಪ್ಪತ್ತಮೂರು ವರ್ಷದ ಹುಡುಗ, ಮುದ್ದೇಬಿಹಾಳ ಕಡೆಯವನು. ಒಳಗಿನಿಂದ ಡ್ರಮ್ಮು ಬಡಿಯುವ ಸದ್ದು ಬಾಗಿಲವರೆಗೂ ಕೇಳುತ್ತಿತ್ತು.

“ಚಂದ್ರಾಮಪ್ಪ, ಮಹಾದೇವಪ್ಪ, ಮೊದಲು ನೀವು!” ಎಂದು ರಾಯರು ಕೂಗಿದರು.

ಒಂದು ಸೂಜಿ ಇದ್ದರೆ ಮಣ್ಣು ತೆಗೆಯಲು ಅರ್ಧ ನಿಮಿಷ ಸಾಕು. ದಿನಾ ಕವಾಯತು ಮುಗಿದ ಮೇಲೆ ಮಣ್ಣು ತೆಗೆಯುವ ಸೂಜಿ ಪೆಟ್ಟಿಗೆಯಲ್ಲಿತ್ತು. ಕೈಗವಸಿನ ಬೆರಳಿಂದ ಕೆರೆದು ನೋಡಿದ, ಮಣ್ಣು ಇನ್ನೂ ಒಳಗೆ ಹೋಯಿತು. ತಡೀರಿ ಎನ್ನಬೇಕು, ಎಲ್ಲರ ಮುಂದೆ ಹೇಳಬೇಕು. ಅವನಿಗೆ ಬಾಯಿ ಬರಲಿಲ್ಲ. ಐದು ನಿಮಿಷದ ಕೆಲಸ, ಹುಡುಗ ಬಾಗಿಲ ಹತ್ತಿರವೇ ಇದ್ದಾನು ಎಂದುಕೊಂಡು ಮುಖವಾಡ ಎಳೆದುಕೊಂಡ.

ಒಳಗೆ ತನ್ನ ಕೈ ತನಗೆ ಕಾಣುತ್ತಿರಲಿಲ್ಲ. ಬ್ಯಾಟರಿಯ ಬೆಳಕು ಗೇಣುದ್ದ ಹೋಗಿ ಹೊಗೆಯಲ್ಲಿ ಸಾಯುತ್ತಿತ್ತು. ಗೋಡೆಯನ್ನು ಬಲಗೈಯಲ್ಲಿ ತಡವುತ್ತ, ಮೊಣಕಾಲೂರಿ, ಡ್ರಮ್ಮುಗಳ ಮೊದಲ ಸಾಲು, ಎರಡನೆಯ ಸಾಲು ದಾಟಿದರು. ಉರುಳಿ ಬಿದ್ದ ಡ್ರಮ್ಮುಗಳನ್ನು ಚಂದ್ರಾಮಪ್ಪ ಎತ್ತಿ ಎತ್ತಿ ಬದಿಗೆ ಸರಿಸಬೇಕಾಯಿತು. ಎತ್ತುವುದು ಅವನಿಗೆ ಹೂವು. ಆದರೆ ಒಂದೊಂದು ಡ್ರಮ್ಮಿಗೂ ಎಷ್ಟು ಗಾಳಿ ಹೋಯಿತೆಂದು ಅವನ ಎದೆಗೆ ತಿಳಿಯುತ್ತಿತ್ತು. ಮೂರನೆಯ ಸಾಲಿನಲ್ಲಿ ಉಸಿರು ಬಿಗಿಯತೊಡಗಿತು. ಮುಳ್ಳನ್ನು ಮುಖವಾಡದ ಗಾಜಿಗೆ ಒತ್ತಿ ಹಿಡಿದ. ಸೀಟಿ ಊದಬೇಕಾದ ಕೆಂಪು ಗೆರೆಯನ್ನು ದಾಟಿ ಆಗಲೇ ಕೆಳಗೆ ಹೋಗಿತ್ತು.

ಹಗ್ಗವನ್ನು ಮೂರು ಸಲ ಎಳೆದ. ಮೂರು ಎಂದರೆ ಹಿಂದಕ್ಕೆ.

ಮಹಾದೇವಪ್ಪ ನಿಂತ. ಕಿವಿಗೊಟ್ಟ. ಸೀಟಿಯಿಲ್ಲ. ಡ್ರಮ್ಮು ಬಡಿಯುವ ಸದ್ದು ಮಾತ್ರ ಮುಂದಿನಿಂದ, ಹತ್ತಿರದಿಂದಲೇ ಬರುತ್ತಿತ್ತು. ಎರಡು ಸಲ ಎಳೆದ. ಎರಡು ಎಂದರೆ ಮುಂದಕ್ಕೆ.

ಚಂದ್ರಾಮಪ್ಪ ಮತ್ತೆ ಮೂರು ಎಳೆದ. ಮಹಾದೇವಪ್ಪ ಹಿಂದೆ ಸರಿದು ಬಂದು ಅವನ ಬೆನ್ನು ತಟ್ಟಿದ, ಬೆದರಿದ ಎತ್ತನ್ನು ಸಮಾಧಾನ ಮಾಡುವ ಹಾಗೆ. ದೊಡ್ಡ ಮೈಯವನು ಹೆದರಿದ್ದಾನೆ ಎಂದುಕೊಂಡ. ಸೀಟಿ ಇರುವಾಗ ಭಯವೇಕೆ ಎಂದು ಅವನ ಲೆಕ್ಕ. ಚಂದ್ರಾಮಪ್ಪ ಮುಖವಾಡದೊಳಗೇ ಒದರಿದ. ಆ ರಬ್ಬರಿನೊಳಗಿಂದ ಮಾತು ಎಲ್ಲಿ ಹೊರಗೆ ಬರಬೇಕು? ಒದರಿದ್ದಕ್ಕೆ ಇದ್ದ ಗಾಳಿಯಲ್ಲೂ ಒಂದಷ್ಟು ಹೋಯಿತು. ಸಾಯುತ್ತೇನೆ, ಜೊತೆಗೆ ಇವನನ್ನೂ ಕೊಲ್ಲುತ್ತೇನೆ ಎಂದು ಅವನಿಗೆ ಖಚಿತವಾಯಿತು.

ಮಹಾದೇವಪ್ಪನ ಕೈ ಹಿಡಿದು, ಕೈಗವಸು ಕಿತ್ತು, ಆ ಬೆರಳನ್ನು ತನ್ನ ಸೀಟಿಯ ಬಾಯಿಗೆ ಒತ್ತಿದ.

ಬೆರಳು ಮೆತ್ತನೆಯ ಮಣ್ಣನ್ನು ಮುಟ್ಟಿ ಅಲ್ಲೇ ನಿಂತಿತು. ಮರುಗಳಿಗೆ ಮಹಾದೇವಪ್ಪ ಬ್ಯಾಟರಿ ಬೀಸಿ ತಿರುಗಿದ. ಹೊಗೆ ಒಂದು ಗಳಿಗೆ ಸರಿದು, ಬೆಳಕು ಕೊನೆಯ ಗೋಡೆಯ ಮೇಲೆ ಹಾದು ಹೋಯಿತು. ಬಾಗಿಲು ಇನ್ನೂ ಹತ್ತು ಹೆಜ್ಜೆ ಇರುವಾಗ ಚಂದ್ರಾಮಪ್ಪನ ಗಾಳಿ ಮುಗಿಯಿತು. ಅವನು ಬಿದ್ದ. ತೊಂಬತ್ತನಾಲ್ಕು ಕಿಲೋವನ್ನು ಐವತ್ತೆರಡು ಕಿಲೋ ಹಗ್ಗ ಹಿಡಿದು ಬಾಗಿಲಾಚೆಗೆ ಎಳೆದು ಹಾಕಿತು.

ಎರಡನೆಯ ಜೋಡಿ ಒಳಗೆ ಹೋಯಿತು. ಅಷ್ಟರಲ್ಲಿ ಡ್ರಮ್ಮಿನ ಸದ್ದು ನಿಂತಿತ್ತು. ಹುಡುಗ ಹೋದ ಎಂದು ಹೊರಗಿದ್ದವರು ತಲೆ ಮೇಲೆ ಕೈ ಹೊತ್ತರು. ಸದ್ದಿಲ್ಲದೆ ಎಲ್ಲಿ ಹುಡುಕಬೇಕೆಂದು ತಿಳಿಯದೆ ಆ ಜೋಡಿ ಒಂಬತ್ತು ನಿಮಿಷ ತಡವಾಡಿತು. ಕೊನೆಗೆ ನಾಲ್ಕನೆಯ ಸಾಲಿನ ಹಿಂದೆ ಸಿಕ್ಕ. ಪ್ರಜ್ಞೆಯಿರಲಿಲ್ಲ, ಜೀವವಿತ್ತು.

ಮಹಾದೇವಪ್ಪ ಸೆಟ್ಟು ಒಪ್ಪಿಸುವ ಮೊದಲು ಮೊಳೆಯಿಂದ ಆ ಮಣ್ಣನ್ನು ಕೆರೆದು ತೆಗೆದ. ಯಾರಿಗೂ ಹೇಳಲಿಲ್ಲ. ಸೀಟಿ ಊದಿತು, ನಿಯಮದಂತೆ ಹೊರಗೆ ಬಂದರು ಎಂದು ರಾಯರು ವರದಿ ಬರೆದರು. ಎರಡು ದಿನ ಚಂದ್ರಾಮಪ್ಪ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ರಾಯರ ಮೇಜಿನ ಮುಂದೆ ನಿಂತು ಎಲ್ಲ ಹೇಳಿದ.

ರಾಯರು ವರದಿ ತೆಗೆದು ಸೀಟಿ ಊದಿತೆಂಬ ಸಾಲನ್ನು ಹೊಡೆದುಹಾಕಿದರು. “ಒಬ್ಬನ ಮನಿ ಅಲ್ಲ, ಮೂರು ಮನಿ ಹಾಳ ಮಾಡ್ತಿದ್ದೀ,” ಎಂದರು. “ನೀನಾಗಿ ಬಂದು ಹೇಳಿದಿ ಅಂತ ನೌಕರಿ ಉಳಸ್ತೀನಿ. ಮುಖವಾಡ ಮಾತ್ರ ಕೊಡೂದಿಲ್ಲ. ಇಪ್ಪತ್ತು ನಿಮಿಷ ಖರೇನ ಬಂದ ದಿವಸ ಬಾ.”

ಚಂದ್ರಾಮಪ್ಪ ಡ್ರಮ್ಮು ಉರುಳಿಸಲು ಹೋದ. ಆ ತಿಂಗಳಲ್ಲೇ ಹನುಮವ್ವ ಹೆಣ್ಣು ಹೆತ್ತಳು. ಕೂಸಿಗೆ ಹದಿನೈದು ದಿನವಾದಾಗ ಒಂದು ಮುಂಜಾನೆ ಮಹಾದೇವಪ್ಪ ಬಾಗಿಲಲ್ಲಿ ಬಂದು ನಿಂತ. ಸಿಟ್ಟು ಇನ್ನೂ ಮುಖದ ಮೇಲಿತ್ತು.

“ಏಳ ಪೈಲವಾನ. ನನ್ನ ಕೂಡ ಓಡೂದು. ನಾ ಮಾತಾಡಿದ್ರ ನೀ ತಿರುಗಿ ಮಾತಾಡಬೇಕು. ಮಾತಾಡಾಕ ಆಗಲಿಲ್ಲಂದ್ರ ಜೋರ ಓಡಾಕತ್ತೀದಿ ಅಂತ ತಿಳ್ಕೊ.”

ಹೀಗೆ ಶುರುವಾಯಿತು. ಓಡುತ್ತ ಇಬ್ಬರೂ ಊರು, ಹೊಲ, ಸಂಬಳ ಎಂದು ಹರಟುವುದು. ಚಂದ್ರಾಮಪ್ಪನ ಮಾತು ತುಂಡಾದ ಕೂಡಲೇ ನಡಿಗೆಗೆ ಇಳಿಯುವುದು. ವಾರದಲ್ಲಿ ನಾಲ್ಕು ದಿನ ಅದೇ. ಭಾರ ಎತ್ತುವುದಕ್ಕೆ ಎರಡೇ ದಿನ, ಅದೂ ಸಾವಿರ ಬಸ್ಕಿಯಲ್ಲ, ಮರಳಿನ ಚೀಲ ಹೆಗಲಿಗೇರಿಸಿ ಮೂವತ್ತು ಗಜ, ಇಳಿಸಿ ದಣಿವಾರಿಸಿಕೊಂಡು ಮತ್ತೆ ಮೂವತ್ತು ಗಜ, ಆರು ಸಲ, ಸಾಕು. ಓಡಿದ ದಿನ ಎತ್ತುವಂತಿಲ್ಲ. ಭಾನುವಾರ ಮಲಗುವುದು. ಹಾಲು ಅರ್ಧ ಲೀಟರಿಗೆ ಇಳಿಯಿತು, ರೊಟ್ಟಿ ಕಾಳುಪಲ್ಯ ಹಾಗೇ ಉಳಿಯಿತು. ಚಂದ್ರಾಮಪ್ಪ ದಾರದಿಂದ ತೋಳು ಅಳೆದು ಅಳೆದು ಹೆದರುತ್ತಿದ್ದ. ದಾರ ಬೆರಳಗಲ ಸಡಿಲಾದ ದಿನ ಅತ್ತೇ ಬಿಟ್ಟ. ಹನುಮವ್ವ ಆ ದಾರವನ್ನು ಕಿತ್ತುಕೊಂಡು ಒಲೆಗೆ ಹಾಕಿದಳು.

“ತೋಳ ಹೋದ್ರ ಹೋಗವಲ್ದ್ಯಾಕ. ನೀವು ಮನಿಗೆ ಬಂದ್ರ ಸಾಕ್ರಿ,” ಎಂದಳು.

ಒಂದು ವರ್ಷಕ್ಕೆ ಹದಿನೆಂಟು ನಿಮಿಷ. ಎರಡು ವರ್ಷಕ್ಕೆ, ಎಂಬತ್ತಮೂರು ಕಿಲೋ ಮೈಯಲ್ಲಿ, ಇಪ್ಪತ್ತನಾಲ್ಕು. ಮರಳಿನ ಚೀಲವೂ ಮೊದಲಿನಷ್ಟೇ ಸಲೀಸಾಗಿ ಹೆಗಲೇರುತ್ತಿತ್ತು. ೧೯೯೧ರ ಮಾರ್ಚಿನಲ್ಲಿ ರಾಯರು ಗಡಿಯಾರ ನೋಡಿ, ಸೀಟಿಯನ್ನು ತಮ್ಮ ಕೈಯಾರೆ ಪರೀಕ್ಷಿಸಿ, ಮುಖವಾಡ ಕೊಟ್ಟರು. ಎರಡು ವರ್ಷದಲ್ಲಿ ಮೊದಲ ಸಲ ಚಂದ್ರಾಮಪ್ಪನ ಎದೆ ಹಗುರಾಯಿತು. ಇನ್ನು ಹೆದರುವುದಕ್ಕೆ ಏನೂ ಉಳಿದಿಲ್ಲ ಎಂದುಕೊಂಡು ಮನೆಗೆ ಹೊರಟ.

ಗೇಟಿನಲ್ಲಿ ಹೊಸ ಕಾವಲುಗಾರನೊಬ್ಬ ಸ್ಟೂಲಿನ ಮೇಲೆ ಕೂತಿದ್ದ. ಇವನನ್ನು ಕಂಡು ಎದ್ದು ನಿಂತ. ಗುರುಲಿಂಗಪ್ಪ. ಆಸ್ಪತ್ರೆಯಿಂದ ನೇರ ಊರಿಗೆ ಹೋದವನು ಎರಡು ವರ್ಷದ ಮೇಲೆ ಬಂದಿದ್ದ, ಕಂಪನಿ ಕುಳಿತು ಮಾಡುವ ಕೆಲಸ ಕೊಟ್ಟಿತ್ತು. ಚಂದ್ರಾಮಪ್ಪ ಅಲ್ಲೇ ನಿಂತ.

“ಅಣ್ಣಾರ, ಒಂದ ಮಾತ ಕೇಳಬೇಕಂತ ಭಾಳ ದಿನದಿಂದ ಇತ್ರಿ,” ಎಂದ ಗುರುಲಿಂಗಪ್ಪ. “ಸಿಟ್ಟ ಆಗಬ್ಯಾಡ್ರಿ. ಅವತ್ತ ನೀವು ಬಂದಿದ್ರಿ. ಬ್ಯಾಟರಿ ಬೆಳಕ ಗ್ವಾಡಿ ಮ್ಯಾಲ ಬಿದ್ದದ್ದ ನಾ ಕಣ್ಣಾರೆ ನೋಡೀನ್ರಿ. ಅಷ್ಟ ಹತ್ರ ಬಂದವ್ರು ಯಾಕ ಹೊಳ್ಳಿ ಹೋದ್ರಿ?”

ಸೀಟಿ ಊದಿತು ಎಂದು ಹೇಳಿದರೆ ಮುಗಿಯುತ್ತಿತ್ತು. ವರದಿಯಲ್ಲೂ ಮೊದಲು ಹಾಗೇ ಇತ್ತು.

“ನನ್ನ ದಮ್ಮ ಸಾಲಲಿಲ್ಲೋ ತಮ್ಮಾ,” ಎಂದ ಚಂದ್ರಾಮಪ್ಪ. “ಸಾಲಂಗಿಲ್ಲಂತ ಒಳಗ ಹೋಗೂ ಮೊದ್ಲ ನನಗ ಗೊತ್ತಿತ್ತು. ಮಂದಿಗೆ ಗೊತ್ತಾಗಬಾರದಂತ ಮುಚ್ಚಿಟ್ಟಿದ್ನಿ.”

ಗುರುಲಿಂಗಪ್ಪ ಬೈಯಲಿಲ್ಲ. ಬಹಳ ದಿನದ ಒಗಟು ಬಿಡಿಸಿದಂತೆ ತಲೆಯಾಡಿಸಿದ.

“ಅಲ್ಲೀತನಕ ನಾ ಡ್ರಮ್ಮ ಬಡೀತಿದ್ನಿರಿ. ಬೆಳಕ ಕಂಡ ಕೂಡ್ಲೆ ನಿಂದರಿಸಿದ್ನಿ. ಬಂದ್ರಲ್ಲ, ಇನ್ಯಾಕ ಬಡೀಬೇಕಂತ. ಕೂತ ದಾರಿ ಕಾಯ್ದೆ.”

ಇಷ್ಟು ಹೇಳುವಷ್ಟರಲ್ಲಿ ಅವನಿಗೆ ಏದುಸಿರು ಬಂತು. ಸ್ಟೂಲಿನ ಮೇಲೆ ಕುಳಿತ. ಎದೆಯೊಳಗೆ ಏನೋ ಗೊರಗುಟ್ಟುತ್ತಿತ್ತು.  ಎರಡನೆಯ ಜೋಡಿ ತಡವಾಡಿದ ಆ ಒಂಬತ್ತು ನಿಮಿಷ ಹೇಗೆ ಆದವೆಂದು ಚಂದ್ರಾಮಪ್ಪನಿಗೆ ಈಗ ತಿಳಿಯಿತು. ತಿರುಗಿ ಹೋದದ್ದಷ್ಟೇ ತನ್ನ ತಪ್ಪು ಎಂದು ಎರಡು ವರ್ಷ ತಿಳಿದಿದ್ದ.

ಸ್ವಲ್ಪ ಸುಧಾರಿಸಿಕೊಂಡು ಗುರುಲಿಂಗಪ್ಪ ತಲೆ ಎತ್ತಿದ. “ಇವತ್ತ ಪಾಸಾದ್ರಂತ ಹೇಳಿದ್ರು. ಈಗ ಎಷ್ಟ ಬರ್ತೈತ್ರಿ ನಿಮಗ?”

“ಇಪ್ಪತ್ನಾಕ ನಿಮಿಷ.”

“ಚಲೋ ಆತ್ರಿ,” ಎಂದ ಹುಡುಗ, ಮನಸಾರೆ. “ನನಗ ಈ ಗೇಟಿನಿಂದ ಕ್ಯಾಂಟೀನತನಕ ಬರ್ತೈತ್ರಿ. ನಡುವ ಒಮ್ಮೆ ಕುಂದ್ರಬೇಕಾಗ್ತೈತಿ.”